ರಕ್ತದಾನಕ್ಕೊಂದು ಪಂಚಾಂಗ

ಅಳವಂಡಿ ಸೀಮೆಯ ಯರಿಹೊಲದ ಒಕ್ಕಲಿಗನಿಗೆ ಸಂಗ್ರಹದ ವಿದ್ಯೆ ಹೊಸತಲ್ಲ. ಹಗೇವಿನಲ್ಲಿ ಇಳಿಸಿದ ಜೋಳವು ಬರಗಾಲದ ವರ್ಷಕ್ಕೂ ಕಾದಿರುತ್ತಿತ್ತು. ರಕ್ತವಾದರೋ ಹಾಗಲ್ಲ. ದಾನಿಯ ತೋಳಿನಿಂದ ಚೀಲಕ್ಕೆ ಇಳಿದಂದಿನಿಂದಲೇ ಅದರ ಆಯುಷ್ಯದ ಎಣಿಕೆ ಆರಂಭವಾಗುತ್ತದೆ. ಈ ಎಣಿಕೆಯನ್ನು ಮರೆತು ಏರ್ಪಡಿಸುವ ಶಿಬಿರಗಳು ಎಷ್ಟೇ ವಿಜೃಂಭಣೆಯಿಂದ ಜರುಗಿದರೂ ಅರ್ಧ ಫಲವನ್ನಷ್ಟೇ ಕೊಡುತ್ತವೆ.

1916ರಲ್ಲಿ ಅಮೇರಿಕೆಯ ರೌಸ್ ಮತ್ತು ಟರ್ನರ್ ಎಂಬ ವಿಜ್ಞಾನಿಗಳು, ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟಿನೊಡನೆ ಸಕ್ಕರೆಯನ್ನು ಬೆರೆಸಿದರೆ ಕೆಂಪು ಕಣಗಳು ವಾರಗಟ್ಟಲೆ ಉಳಿಯುವುವೆಂದು ತೋರಿಸಿದರು. 1943ರಲ್ಲಿ ಬ್ರಿಟನ್ನಿನ ಲೂಟಿಟ್ ಮತ್ತು ಮಾಲಿಸನ್ ಆಮ್ಲೀಯ ದ್ರಾವಣವೊಂದನ್ನು ರೂಪಿಸಿದ ಮೇಲೆ 21 ದಿನಗಳ ಅವಧಿ ದೊರೆಯಿತು. ಅಡೆನಿನ್ ಸೇರಿದಾಗ ಅದು 35 ದಿನಗಳಾಯಿತು. 1978ರಲ್ಲಿ ಸ್ವೀಡನ್ನಿನ ಹೊಗ್‌ಮನ್ ಮತ್ತು ಸಂಗಡಿಗರು ಪ್ಲಾಸ್ಮಾವನ್ನು ಬೇರ್ಪಡಿಸಿ, ಉಳಿದ ಕಣಗಳನ್ನು ಲವಣ, ಅಡೆನಿನ್, ಗ್ಲೂಕೋಸುಗಳ ದ್ರಾವಣದಲ್ಲಿಡುವ ಕ್ರಮವನ್ನು ಪ್ರಕಟಿಸಿದರು. ಮುಂದೆ ಮ್ಯಾನಿಟಾಲ್ ಕೂಡಿಕೊಂಡು ಅವಧಿಯು 42 ದಿನಗಳಿಗೆ ಏರಿತು. ಗ್ಲೂಕೋಸು ಕಣದ ಆಹಾರ. ಅಡೆನಿನ್ ಅದರ ಶಕ್ತಿಯ ಬಂಡವಾಳ. ಮ್ಯಾನಿಟಾಲ್ ಅದು ಒಡೆಯದಂತೆ ಕಾಯುವ ಪಹರೆ. ಇಷ್ಟಾದರೂ 2ರಿಂದ 6 ಡಿಗ್ರಿ ಸೆಲ್ಸಿಯಸ್ ತಂಪು ತಪ್ಪಬಾರದು. ರಕ್ತದ ಚೀಲವನ್ನು ನೇರವಾಗಿ ಮಂಜುಗಡ್ಡೆಯ ಮೇಲಿಟ್ಟು ಒಯ್ಯುವವರೂ ಇದ್ದಾರೆ! ಹೆಪ್ಪುಗಟ್ಟುವ ಚಳಿಯಲ್ಲಿ ಕಣಗಳು ಒಡೆದುಹೋಗುತ್ತವೆಂಬುದು ಅವರಿಗೆ ತಿಳಿಯದು.

ಹಳೆಯ ರಕ್ತವು ನಿಸ್ಸತ್ವವೆಂಬ ಶಂಕೆ ಜನರಲ್ಲಿದೆ. ದಿನಕಳೆದಂತೆ ಕಣಗಳಿಂದ ಪೊಟ್ಯಾಸಿಯಂ ಹೊರಸೂಸುವುದೂ, ಆಮ್ಲಜನಕವನ್ನು ಬಿಟ್ಟುಕೊಡುವ ಗುಣ ಕುಂದುವುದೂ ನಿಜವೇ. ಆದರೆ ಈ ಗುಣವು ರೋಗಿಯ ದೇಹ ಸೇರಿದ ಮೇಲೆ ಒಂದೆರಡು ದಿನಗಳಲ್ಲಿ ಬಹುಮಟ್ಟಿಗೆ ಮರಳುತ್ತದೆ. 2016ರಲ್ಲಿ ಪ್ರಕಟವಾದ, 20 ಸಾವಿರಕ್ಕೂ ಮಿಕ್ಕಿದ ರೋಗಿಗಳ ಅಧ್ಯಯನವೊಂದರಲ್ಲಿ ಹೊಸ ರಕ್ತ ಪಡೆದವರ ಮತ್ತು ಹಳೆಯ ರಕ್ತ ಪಡೆದವರ ಮರಣ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದುದರಿಂದ ದಾಸ್ತಾನಿನ ಬಗ್ಗೆ ಅಳುಕು ಬೇಡ. ದಾಸ್ತಾನು ಬರಿದಾಗುವ ಬಗ್ಗೆ ಇರಲಿ.

ಜಯಂತಿಯ ದಿನ ಒಮ್ಮೆಲೇ ನೂರಾರು ಮಂದಿ ತೋಳು ಚಾಚಿದರೆ ಆ ಚೀಲಗಳಿಗೆಲ್ಲ ಒಂದೇ ದಿನ ಅವಧಿ ಮುಗಿಯುತ್ತದೆ. ಬಳಿಕ ಬೇಸಗೆಯ ನಡುರಾತ್ರಿ ಹೆರಿಗೆಯ ರಕ್ತಸ್ರಾವದಿಂದ ಬಳಲುವ ತಾಯಿಗೆ ಕಪಾಟು ಖಾಲಿ! ಹಣಕ್ಕೆ ರಕ್ತ ಮಾರುವ ಪದ್ಧತಿಯು ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 1998ರ ಜನವರಿ 1ರಿಂದ ನಿಷಿದ್ಧವಾಗಿದೆ. ಅಂದಮೇಲೆ ಸ್ವಯಂಪ್ರೇರಿತ ದಾನಿಯೇ ಆಸರೆ. ಮಠದ ದಾಸೋಹವು ಜಾತ್ರೆಯ ದಿನಕ್ಕಷ್ಟೇ ಮೀಸಲಾದುದಲ್ಲವಷ್ಟೆ? ಶಾಲೆಯ ಹಳೆಯ ವಿದ್ಯಾರ್ಥಿಗಳು ಒಂಬತ್ತು ತಂಡಗಳಾಗಿ ಹಂಚಿಕೊಂಡು ಆರು ವಾರಕ್ಕೊಂದು ತಂಡದಂತೆ ಸರದಿ ಹಿಡಿದರೆ ವರ್ಷ ತುಂಬುತ್ತದೆ. ಪುರುಷರಿಗೆ ಮೂರು ತಿಂಗಳ, ಮಹಿಳೆಯರಿಗೆ ನಾಲ್ಕು ತಿಂಗಳ ಅಂತರವಿರಬೇಕೆಂಬ ನಿಯಮಕ್ಕೂ ಇದರಿಂದ ಚ್ಯುತಿಯಿಲ್ಲ. ದಾನಿಗಳ ರಕ್ತಗುಂಪು, ದಾನದ ದಿನಾಂಕಗಳನ್ನು ಬರೆದಿಡುವ ಒಂದು ಕಡತವನ್ನು ಶಿಕ್ಷಕವೃಂದ ವಹಿಸಿಕೊಳ್ಳಬಹುದು.

ಧನಸಹಾಯ ನೀಡುವ ಮಹನೀಯರಿಗೂ ಇಲ್ಲಿ ಕೆಲಸವಿದೆ. ವರ್ಷಕ್ಕೆ 2000 ಯೂನಿಟ್ ಮೀರದ ಬಳಕೆಯುಳ್ಳ ಆಸ್ಪತ್ರೆಗಳು ಪೂರ್ಣ ರಕ್ತನಿಧಿಯ ಪರವಾನಿಗೆಯಿಲ್ಲದೆಯೇ, ಅನುಮೋದನೆ ಪಡೆದು, ಸಂಗ್ರಹ ಕೇಂದ್ರ ನಡೆಸಲು ಔಷಧ ನಿಯಮಗಳಲ್ಲಿ ಅವಕಾಶವಿದೆ. ಶಿಬಿರದ ಹಾರ, ಶಾಲು, ಫಲಕಗಳ ವೆಚ್ಚವನ್ನು ಉಳಿಸಿ, ಅಂತಹ ಕೇಂದ್ರಕ್ಕೆ ರಕ್ತ ಕಾಯುವ ಶೀತಕಪೆಟ್ಟಿಗೆಯೊಂದನ್ನೂ, ವಿದ್ಯುತ್ತು ಹೋದಾಗ ಅದನ್ನು ನಡೆಸುವ ಜನರೇಟರನ್ನೂ ಕೊಡಿಸುವುದು ಮೊದಲಾಗಬೇಕು.