ಅಧಿಕಾರವನ್ನು ಗುರುತಿಸಿದವರು ಯಾರು?

ಮತ್ತಾಯನ ಸುವಾರ್ತೆಯ 5ರಿಂದ 7ನೇ ಅಧ್ಯಾಯದವರೆಗಿನ ಪರ್ವತಪ್ರಸಂಗ ಮುಗಿಯುತ್ತಲೇ ಕೇಳಿದ ಜನರ ಬೆರಗಿನ ಮಾತು ಬರುತ್ತದೆ. ಯೆಹೂದಿ ಧರ್ಮಶಾಸ್ತ್ರದ ಪಂಡಿತರಾದ ಶಾಸ್ತ್ರಿಗಳ ಬೋಧನೆಯಲ್ಲಿ ಕಾಣದ ಅಧಿಕಾರವೊಂದು ಅವರಿಗೆ ಯೇಸುವಿನ ಮಾತಿನಲ್ಲಿ ಕಂಡಿತ್ತು (7:28–29). ಕಪೆರ್ನೌಮಿನ ಸಭಾಮಂದಿರದಲ್ಲೂ ಜನರಿಗೆ ಹೀಗೆಯೇ ಅನ್ನಿಸಿತೆಂದು ಮಾರ್ಕನು ಬರೆಯುತ್ತಾನೆ (1:22).

ಬೋಧಕನ ಮಾತೇ ಕೊನೆ, ಸಭೆ ಎದುರಾಡಕೂಡದು ಎನ್ನುವವರು ಈ ವಚನದ ಆಸರೆ ಪಡೆಯುವುದುಂಟು. ವಚನ ಅವರಿಗೆ ಆಸರೆ ಕೊಡುವುದಿಲ್ಲ. ಇಲ್ಲಿ ಅಧಿಕಾರವನ್ನು ಗುರುತಿಸಿದವರು ಕೇಳುಗರು. ಮುಂದೆ ಯೆರೂಸಲೇಮಿನ ದೇವಾಲಯದಲ್ಲಿ ಮುಖ್ಯಯಾಜಕರೂ ಶಾಸ್ತ್ರಿಗಳೂ ಹಿರಿಯರೂ ಯಾವ ಅಧಿಕಾರದಿಂದ ಇದನ್ನೆಲ್ಲ ಮಾಡುತ್ತೀ ಎಂದು ನೇರವಾಗಿ ಕೇಳಿದಾಗ, ಯೇಸು ಸ್ನಾನಿಕ ಯೋಹಾನನ ವಿಷಯ ತೆಗೆದು ಮರುಪ್ರಶ್ನೆ ಹಾಕಿದರು. ಅವರು ಗೊತ್ತಿಲ್ಲವೆಂದರು, ಯೇಸುವೂ ಹೇಳಲಿಲ್ಲ.

ಹಾಗೆಂದು ಶಾಸ್ತ್ರಿಗಳನ್ನು ಹೀಗಳೆಯಲು ಈ ವಚನವನ್ನು ಬಳಸುವುದೂ ಅನ್ಯಾಯ. ಹಿಂದಿನ ಗುರುಗಳ ಹೆಸರು ಹೇಳಿ ಪಾಠ ಮಾಡುವುದು ಯೆಹೂದಿ ಪಂಡಿತರ ಪ್ರಾಮಾಣಿಕತೆಯಾಗಿತ್ತು. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಯೆಹೂದಿ ಧರ್ಮನಿಯಮಗಳ ಗ್ರಂಥ ಮಿಷ್ನಾ, ಹಿಲ್ಲೇಲ್ ಮತ್ತು ಶಮ್ಮಾಯಿ ಪಂಥಗಳ ಪರಸ್ಪರ ವಿರುದ್ಧ ಅಭಿಪ್ರಾಯಗಳನ್ನು ಒಟ್ಟಿಗೆ ಉಳಿಸಿಕೊಂಡಿದೆ. ಯೇಸುವೂ ಪರ್ವತಪ್ರಸಂಗದಲ್ಲಿ ಧರ್ಮಶಾಸ್ತ್ರದ ಮಾತನ್ನು, ಅದನ್ನು ಅಳಿಸಲು ಬರಲಿಲ್ಲವೆಂದೇ ಆರಂಭಿಸಿದರು. ಆದರೆ ಕೊಲೆಯ ನಿಷೇಧವನ್ನು ಎದೆಯೊಳಗಿನ ಕೋಪದವರೆಗೂ, ನೆರೆಯವರ ಪ್ರೀತಿಯನ್ನು ವೈರಿಯವರೆಗೂ ಚಾಚಿದಾಗ ಯಾವ ಗುರುವಿನ ಹೆಸರನ್ನೂ ಮುಂದಿಡಲಿಲ್ಲ. ತಾವೇ ಹೊಣೆ ಹೊತ್ತು ನುಡಿದರು. ಜನ ಬೆರಗಾದದ್ದು ಅಲ್ಲಿ.

ಆ ಹೊಣೆ ಮಾತಿನಲ್ಲೇ ಉಳಿಯಲಿಲ್ಲ. ಕಪೆರ್ನೌಮಿನಲ್ಲಿ ದೆವ್ವ ಹಿಡಿದಿದ್ದವನು ಅದೇ ಸಭೆಯಲ್ಲಿ ಬಿಡುಗಡೆ ಹೊಂದಿದ. ಪಾಪ ಕ್ಷಮಿಸುವ ಅಧಿಕಾರ ತಮಗುಂಟೆಂದು ಯೇಸು ಬಾಯಿಬಿಟ್ಟು ಹೇಳಿದ ಸಂದರ್ಭದಲ್ಲಿ, ಹಿಂದೆಯೇ ಪಾರ್ಶ್ವವಾಯು ಪೀಡಿತನು ಎದ್ದು ಹಾಸಿಗೆ ಹೊತ್ತು ನಡೆದ (ಮಾರ್ಕ 2). ಶಾಸ್ತ್ರಿಗಳ ಮೇಲೆ ಯೇಸು ಹೊರಿಸಿದ ಆರೋಪವನ್ನೂ ಈ ಬೆಳಕಿನಲ್ಲಿ ಓದಬೇಕು. ಮೋಶೆಯ ಪೀಠದಿಂದ ಅವರು ಹೇಳುವುದನ್ನು ಪಾಲಿಸಿರಿ ಎಂದೇ ಯೇಸು ಜನರಿಗೆ ತಿಳಿಸಿದರು. ದೂರಿದ್ದು, ಭಾರವಾದ ಹೊರೆಗಳನ್ನು ಜನರ ಹೆಗಲ ಮೇಲಿಟ್ಟು ತಾವು ಬೆರಳನ್ನೂ ತಾಗಿಸದ ನಡತೆಯನ್ನು (ಮತ್ತಾಯ 23). ಆಳುವವರು ದೊರೆತನ ಮಾಡುತ್ತಾರೆ, ನಿಮ್ಮಲ್ಲಿ ದೊಡ್ಡವನಾಗಬೇಕೆನ್ನುವವನು ಸೇವಕನಾಗಲಿ ಎಂದು ಶಿಷ್ಯರಿಗೆ ಬೋಧಿಸಿದ ಯೇಸು, ಕಡೆಯ ಊಟದ ರಾತ್ರಿ ಅವರ ಕಾಲು ತೊಳೆದರು.

ಹಾಗಾಗಿ ಈ ವಚನದಿಂದ ಬೋಧಕರಿಗೆ ಸಿಗುವುದು ಅಪ್ಪಣೆಯಲ್ಲ, ಪರೀಕ್ಷೆ. ನನ್ನ ಮಾತು ಕೇಳಿದವರ ಹೊರೆ ಇಳಿಯಿತೇ, ಹೆಚ್ಚಿತೇ? ನಾನು ಹೇಳಿದ್ದರ ಹೊಣೆಯನ್ನು ನಾನೇ ಹೊತ್ತೆನೇ? ಪರ್ವತಪ್ರಸಂಗದ ಕೊನೆಯ ಸಾಮ್ಯವೂ ಕೇಳಿ ಅದರಂತೆ ನಡೆಯುವವನ ಮನೆ ಮಾತ್ರ ನಿಲ್ಲುತ್ತದೆ ಎನ್ನುತ್ತದೆ.

ಸಭಾಪಾಲಕರಿಗೆ, ಗುರುಗಳಿಗೆ, ಮೇಷ್ಟರಿಗೆ ಸಲ್ಲುವ ಈ ಪರೀಕ್ಷೆ ಪತ್ರಿಕೆಯಲ್ಲಿ ಬರೆಯುವ ನಮಗೂ ಸಲ್ಲುತ್ತದೆ. ಓದುಗರು ನಮ್ಮನ್ನೂ ಇದೇ ಅಳತೆಯಿಂದ ಅಳೆಯಬೇಕು. ನಂಬುವ ಮೊದಲು ಪ್ರಶ್ನಿಸಬೇಕು.