ವಾಪಸು ಟಿಕೆಟ್ ಇದ್ದವರು

ಹೈದರಾಬಾದಿನ ನಮ್ಮ ಕನ್ನಡಿಗರ ಸಂಘದ ಈ ಸಂಚಿಕೆಗೆ ಹಳೆಯ ಫೋಟೊಗಳಿದ್ದರೆ ಕಳಿಸಿ ಎಂದು ಸದಸ್ಯರನ್ನು ಕೇಳಿದ್ದೆವು. ನಾಟಕದವು ಬಂದವು, ರಾಜ್ಯೋತ್ಸವದ ಮೆರವಣಿಗೆಯವು ಬಂದವು, ಒಬ್ಬರು ತಮ್ಮ ಮದುವೆಯ ಫೋಟೊವನ್ನೇ ಕಳಿಸಿದರು. (ಹಿಂದಿನ ಪಂಕ್ತಿಯಲ್ಲಿ ನಮ್ಮ ಖಜಾಂಚಿಗಳು ಹೋಳಿಗೆ ತಿನ್ನುತ್ತಿದ್ದಾರೆ, ಹಾಗಾಗಿ ಅದೂ ಸಂಘದ ಇತಿಹಾಸವೇ ಎಂದು ಅವರ ವಾದ.) ಇವುಗಳ ನಡುವೆ ಒಂದು ಕೈಯ ಫೋಟೊ. ಬರೀ ಕೈ. ಅಂಗೈ ಹಿಂಬದಿಯಲ್ಲಿ ನೇರಳೆ ಶಾಯಿಯ ಮುದ್ರೆ. ಬೆವರಿಗೆ ಅಕ್ಷರಗಳೆಲ್ಲ ಹರಡಿ, 2020ರ ಜೂನ್ ತಿಂಗಳ ಒಂದು ತಾರೀಖು ಮಾತ್ರ ಓದಲು ಬರುತ್ತದೆ. ಕಳಿಸಿದವರು ಮಾನ್ವಿಯವರು, ಹೈದರಾಬಾದಿಗೆ ಬಂದು ಇಪ್ಪತ್ತು ವರ್ಷ ದಾಟಿದೆ, ಕಸುಬು ಅಕ್ಕಿ ದಲಾಲಿ. ಫೋಟೊದ ಕೆಳಗೆ ಒಂದು ಸಾಲು: "ಇದನ್ನೂ ಹಾಕ್ರಿ ಸರ, ಆ ವರ್ಷ ಬ್ಯಾರೆ ಕಾರ್ಯಕ್ರಮ ಏನಿತ್ತು?"

ಮಾತು ನಿಜ. ಆ ವರ್ಷ ರಾಜ್ಯೋತ್ಸವದ ಸಭೆ ಸೇರಲಿಲ್ಲ, ಸಂಚಿಕೆ ಅಚ್ಚಾಗಲಿಲ್ಲ. ಅಂದು ಬರೆಯದೆ ಉಳಿದ ಸಂಪಾದಕೀಯದ ಸಾಲವನ್ನು ಈಗ ತೀರಿಸುತ್ತಿದ್ದೇನೆ ಎಂದುಕೊಳ್ಳಿ.

ನಮ್ಮ ಸಂಘದಲ್ಲಿ ರಾಯಚೂರು ಸೀಮೆಯವರೇ ಹೆಚ್ಚು. ಊರಿಗೆ ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ, ನಡುವೆ ದೋಆಬ್. 167ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ತೆಂಕಣಕ್ಕೆ ಹೋದರೆ ಆಂಧ್ರದ ಮಂತ್ರಾಲಯ, ಬಡಗಣಕ್ಕೆ ಶಕ್ತಿನಗರ ದಾಟಿ ನಿಜಾಮರ ಕಾಲದ ಕೃಷ್ಣಾ ಸೇತುವೆ ಹತ್ತಿದರೆ ಆಚೆ ದಂಡೆ ತೆಲಂಗಾಣ. ಬೆಳಿಗ್ಗೆ ಮಂತ್ರಾಲಯದಲ್ಲಿ ರಾಯರ ದರ್ಶನ, ಮಧ್ಯಾಹ್ನ ರಾಯಚೂರು ಗಂಜಿನಲ್ಲಿ ಹತ್ತಿ ಹರಾಜು, ಇಳಿಹೊತ್ತಿಗೆ ಮಖ್ತಲ್‌ನಲ್ಲಿ ಬೀಗರ ಮನೆಯ ಚಹಾ: ಮೂರು ರಾಜ್ಯ ಮುಗಿಸಿ ರಾತ್ರಿ ಊಟಕ್ಕೆ ಮನೆ ಸೇರುವವರು ನಮ್ಮಲ್ಲಿ ಎಷ್ಟೋ ಮಂದಿ. ಇದನ್ನು ಯಾರೂ 'ಪ್ರಯಾಣ' ಎಂದು ಕರೆದವರಲ್ಲ. ಹೋಗಿ ಬರುವುದು, ಅಷ್ಟೆ.

2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಪ್ರಧಾನಿಗಳ ಭಾಷಣವಾಗಿ ನಾಲ್ಕು ಗಂಟೆಯೊಳಗೆ ಈ ಹೋಗಿ ಬರುವುದು ನಿಂತಿತು. ಅದಕ್ಕೂ ಹದಿನೈದು ದಿನ ಮೊದಲು, ದೇಶದ ಮೊದಲ ಕೊರೊನಾ ಸಾವು ನಮ್ಮ ಪಕ್ಕದ ಕಲಬುರಗಿಯಲ್ಲೇ ಆಗಿತ್ತು. ತೀರಿಕೊಂಡ ಹಿರಿಯರನ್ನು ಚಿಕಿತ್ಸೆಗೆಂದು ಹೈದರಾಬಾದಿಗೆ ಕರೆತಂದು ವಾಪಸು ಒಯ್ಯಲಾಗಿತ್ತು. ಕಲ್ಯಾಣ ಕರ್ನಾಟಕದವರು ದೊಡ್ಡ ಆಸ್ಪತ್ರೆ ಎಂದರೆ ಮೊದಲು ನೆನೆಯುವುದು ಈ ಊರನ್ನೇ. ಆದ್ದರಿಂದ ಗಡಿ ಮುಚ್ಚಿದಾಗ ಆ ಕಡೆಯವರಿಗೆ ಬರೀ ವ್ಯಾಪಾರವಲ್ಲ, ಆಸ್ಪತ್ರೆಯ ದಾರಿಯೂ ಮುಚ್ಚಿತ್ತು.

ಮೇ ತಿಂಗಳಿಂದ ಪಾಸುಗಳ ಕಾಲ. ಕರ್ನಾಟಕಕ್ಕೆ ಬರಬೇಕಾದರೆ ಸೇವಾ ಸಿಂಧುವಿನಲ್ಲಿ ಅರ್ಜಿ, ಆಂಧ್ರಕ್ಕೆ ಹೋಗಬೇಕಾದರೆ ಅವರ ಸ್ಪಂದನದಲ್ಲಿ ಅರ್ಜಿ. ತೆಲಂಗಾಣ ಮಾತ್ರ ಮೇ ಕೊನೆಗೇ ಗಡಿ ಸಡಿಲಿಸಿತು. ಹಾಗಾಗಿ ಜೂನಿನಲ್ಲಿ ರಾಯಚೂರಿನಿಂದ ಗದ್ವಾಲಕ್ಕೆ ಹೋಗಲು ಪಾಸು ಬೇಡ, ತಿರುಗಿ ಬರಲು ಬೇಕು. ಮಂತ್ರಾಲಯಕ್ಕೆ ಹೋಗಲೂ ಬೇಕು, ಬರಲೂ ಬೇಕು. ಅದೇ ಮೇ 30ರಂದು ಕೇಂದ್ರ ಗೃಹ ಸಚಿವಾಲಯ ಅಂತರರಾಜ್ಯ ಓಡಾಟಕ್ಕೆ ನಿರ್ಬಂಧವಿಲ್ಲ ಎಂದು ಬರೆಯಿತು. ರಾಜ್ಯಗಳು ಬೇಕೆಂದರೆ ಮುಂಚಿತವಾಗಿ ಪ್ರಚಾರ ಮಾಡಿ ನಿರ್ಬಂಧ ಹಾಕಿಕೊಳ್ಳಬಹುದು ಎಂದೂ ಬರೆಯಿತು. ಎರಡನೆಯ ಮಾತನ್ನು ಪಾಲಿಸಿದಷ್ಟು ಶ್ರದ್ಧೆಯಿಂದ ಮೊದಲನೆಯದನ್ನು ತೆಲಂಗಾಣ ಬಿಟ್ಟರೆ ನಮ್ಮ ಸುತ್ತ ಯಾರೂ ಪಾಲಿಸಲಿಲ್ಲ.

ಆಗ ಕರ್ನಾಟಕದ ನಿಯಮಗಳಲ್ಲಿ ಒಂದು ಹೊಸ ಜಾತಿ ಹುಟ್ಟಿತು: ವ್ಯವಹಾರಕ್ಕಾಗಿ ಬರುವ ಪ್ರಯಾಣಿಕ. ಮಹಾರಾಷ್ಟ್ರದಿಂದ ಬಂದವರಿಗೆ ಏಳು ದಿನ ಸಾಂಸ್ಥಿಕ ಕ್ವಾರಂಟೈನ್, ಆಮೇಲೆ ಏಳು ದಿನ ಮನೆಯಲ್ಲಿ. ಉಳಿದ ರಾಜ್ಯಗಳವರಿಗೆ ಹದಿನಾಲ್ಕು ದಿನ ಮನೆವಾಸ. ಆದರೆ ವ್ಯವಹಾರದವನಿಗೆ ವಿನಾಯಿತಿ. ಏಳು ದಿನದೊಳಗೆ ಹಿಂತಿರುಗುವ ಟಿಕೆಟ್ ಇರಬೇಕು, ಯಾರನ್ನು ಕಾಣಲು ಬಂದಿದ್ದಾನೋ ಅವರ ವಿಳಾಸ ಕೊಡಬೇಕು, ಮಹಾರಾಷ್ಟ್ರದವನಾದರೆ ಎರಡು ದಿನದೊಳಗಿನ ನೆಗೆಟಿವ್ ವರದಿಯೂ ಜೊತೆಗಿರಬೇಕು.

ಓದಿದರೆ ನ್ಯಾಯವಾಗಿಯೇ ಇದೆ. ರೋಗ ಸುಳ್ಳಾಗಿರಲಿಲ್ಲ, ತಡೆ ಬೇಕಿತ್ತು, ಆ ತಡೆಯಿಂದ ವ್ಯಾಪಾರ ಸಾಯಲೂಬಾರದು. ಜಗತ್ತೆಲ್ಲ ಹಾಗೆಯೇ ಯೋಚಿಸಿತು. ಆ ಜೂನ್ 8ರಂದು ಸಿಂಗಪುರ ಮತ್ತು ಚೀನಾ ತಮ್ಮ ನಡುವೆ ಬಾಗಿಲು ತೆರೆದಾಗ ಮೊದಲು ಒಳಗೆ ಬಿಟ್ಟುಕೊಂಡದ್ದು ಕಂಪನಿಗಳು ಕರೆಸಿಕೊಂಡ ವ್ಯವಹಾರಸ್ಥರನ್ನೇ. ನೆಂಟರು, ಪ್ರವಾಸಿಗಳು ಆಮೇಲೆ. ನನ್ನ ತಕರಾರು ಬೇರೆ. ಈ ನಿಯಮ ಬರೆದವರ ಕಣ್ಣ ಮುಂದೆ ಒಂದು ವಿಮಾನ ನಿಲ್ದಾಣವಿತ್ತು, ಗಂಜ್ ಇರಲಿಲ್ಲ.

ಮಾನ್ವಿಯ ನಮ್ಮ ಗೆಳೆಯರನ್ನೇ ನೋಡಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಬೆಳೆದ ಎರಡನೇ ಬೆಳೆಯ ಭತ್ತ ಅಷ್ಟರಲ್ಲಿ ಮಿಲ್ಲು ಸೇರಿತ್ತು. ಆ ಭತ್ತದ ಕೊಯ್ಲಿಗೆ ಅಡ್ಡಿಯಾಗದಿರಲೆಂದು ಕೇಂದ್ರ ಮಾರ್ಚ್ ಕೊನೆಯಲ್ಲೇ ಕೊಯ್ಲಿನ ಯಂತ್ರಗಳಿಗೆ ರಾಜ್ಯದಿಂದ ರಾಜ್ಯಕ್ಕೆ ಹೋಗಲು ಅನುಮತಿ ಕೊಟ್ಟಿತ್ತು. ಅಕ್ಕಿ ಹೊರುವ ಲಾರಿಗಳಿಗೂ, ಇಬ್ಬರು ಚಾಲಕರು ಒಬ್ಬ ಕ್ಲೀನರ್ ಸಮೇತ, ಏಪ್ರಿಲ್‌ನಿಂದ ದಾರಿ ತೆರೆದಿತ್ತು. ಯಂತ್ರ ಬರಬಹುದು, ಲಾರಿ ಹೋಗಬಹುದು. ಆದರೆ ದರ ಕಟ್ಟುವ ಮನುಷ್ಯ? ಅವನಿಗೆ ವಾಪಸು ಟಿಕೆಟ್ ಬೇಕು. ಹೈದರಾಬಾದ್‌ನಿಂದ ರಾಯಚೂರಿಗೆ ಬಸ್ಸೇ ಶುರುವಾಗಿರಲಿಲ್ಲ, ಟಿಕೆಟ್ ಎಲ್ಲಿಯದು? ಇವರು ಸ್ವಂತ ಕಾರಿನಲ್ಲಿ ಹೊರಟರು. ಗಡಿಯಲ್ಲಿ ಕೇಳಿದರು: ಯಾರನ್ನು ಕಾಣಲು? ಮಿಲ್ಲಿನವರನ್ನು. ಎಲ್ಲಿ ಇಳಿಯುತ್ತೀರಿ? ತಾಯಿಯ ಮನೆಯಲ್ಲಿ. ಟಿಕೆಟ್? ಇಲ್ಲ. ತಾಯಿಯ ಮನೆ ಎಂದ ಕೂಡಲೇ ಇವರು ವ್ಯವಹಾರದ ಪಟ್ಟಿಯಿಂದ ಜಾರಿ ಊರಿಗೆ ಮರಳಿದವರ ಪಟ್ಟಿಗೆ ಬಿದ್ದರು. ಲಾಡ್ಜ್ ಎಂದು ಹೇಳಿದ್ದರೆ ಏನಾಗುತ್ತಿತ್ತೋ! ಹದಿನಾಲ್ಕು ದಿನದ ಮುದ್ರೆ ಬಿತ್ತು.

ಮುಂದಿನದನ್ನು ಅವರ ಬಾಯಲ್ಲೇ ಕೇಳಬೇಕು. ಇವರು ಮನೆಯ ಜಗುಲಿ ಮೇಲೆ, ಮಿಲ್ಲಿನ ಸಾಹುಕಾರರು ರಸ್ತೆಯ ಆಚೆ ಬೇವಿನ ಮರದ ಕೆಳಗೆ. ಮಾದರಿ ಅಕ್ಕಿಯ ಪೊಟ್ಟಣವನ್ನು ನಡುವೆ ಕಲ್ಲಿನ ಮೇಲಿಟ್ಟು ಸಾಹುಕಾರರು ಹಿಂದೆ ಸರಿಯುವುದು, ಇವರು ಹೋಗಿ ಎತ್ತಿಕೊಳ್ಳುವುದು. ನುಚ್ಚೆಷ್ಟು, ತೇವವೆಷ್ಟು ಎಂದು ಕಾಳನ್ನು ಹಲ್ಲಿಗೆ ಕೊಡದೆ ದರ ಹೇಳುವ ದಲಾಲಿ ಮಾನ್ವಿಯಲ್ಲಿ ಇನ್ನೂ ಹುಟ್ಟಿಲ್ಲ. ಮಾಸ್ಕ್ ಸರಿಸಿ ಕಚ್ಚಿದರೆ ಓಣಿಯವರೆಲ್ಲ ಕೂಗುತ್ತಿದ್ದರಂತೆ. ದರ ಕುದುರಿತು, ಲಾರಿ ತುಂಬಿತು, ಮಧ್ಯಾಹ್ನಕ್ಕೆ ಹೊರಟು ಇರುಳಿಗೆ ಹೈದರಾಬಾದ್ ಮುಟ್ಟಿತು. "ಅಕ್ಕಿ ಹೋತ್ರಿ, ನಾ ಉಳದೆ," ಎನ್ನುತ್ತಾರೆ. ಕ್ಲೀನರ್ ಆಗಿ ತಮ್ಮದೇ ಲಾರಿ ಹತ್ತಿಬಿಡಲೇ ಎಂಬ ಯೋಚನೆ ಬಂದದ್ದು ಸುಳ್ಳಲ್ಲವಂತೆ.

ಗಡಿಯಲ್ಲಿ ಕಾಗದ ತೋರಿಸುವುದು ನಮ್ಮ ಸೀಮೆಗೆ ಹೊಸದೇನಲ್ಲ. ರಾಯಚೂರು ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ ತುಂಗಭದ್ರೆಯ ಆಚೆ ಮದರಾಸು ಪ್ರಾಂತ. ಸರಕು ದಾಟಿಸಲು ಕರೋಡಗಿರಿ ನಾಕಾದಲ್ಲಿ ಸುಂಕ, ಈಚೆ ಹಾಲಿ ಸಿಕ್ಕಾ, ಆಚೆ ಬ್ರಿಟಿಷರ ರೂಪಾಯಿ. 1871ರಲ್ಲಿ ಮುಂಬಯಿ ಕಡೆಯ ಜಿಐಪಿ ರೈಲೂ ಮದರಾಸು ರೈಲೂ ಕೂಡಿದ್ದು ರಾಯಚೂರಿನಲ್ಲೇ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದ ಮೇಲೆ ಮದರಾಸು ಪ್ರಾಂತದವರು ಸೋಂಕಿನ ಊರುಗಳಿಂದ ಬಂದ ರೈಲು ಪ್ರಯಾಣಿಕರಿಗೆ ಪ್ಲೇಗಿನ ಪಾಸ್‌ಪೋರ್ಟ್ ಕೊಡುತ್ತಿದ್ದರು. ಅದನ್ನು ಹಿಡಿದು ಕೆಲವು ದಿನ ಊರ ಅಧಿಕಾರಿಯ ಮುಂದೆ ಹಾಜರಾಗಬೇಕಿತ್ತು. ಆ ಪ್ಲೇಗಿಗಾಗಿ 1897ರಲ್ಲಿ ಮಾಡಿದ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ 2020ರ ಮಾರ್ಚ್‌ನಲ್ಲಿ ಕರ್ನಾಟಕ ಹೊರತೆಗೆದು, ಅದರ ಕೆಳಗೆ ಕೊರೊನಾ ನಿಯಮಗಳನ್ನು ಹೊರಡಿಸಿತು. ನೂರಿಪ್ಪತ್ತಮೂರು ವರ್ಷ ಹಳೆಯ ಕೊಡೆ. ಆದರೂ ಮಳೆಗೆ ಬಿಚ್ಚಿಕೊಂಡಿತು.

ಇಷ್ಟೆಲ್ಲ ಟಿಕೆಟ್ ಇರಬೇಕಾದವರ ಕತೆ. ದೇವದುರ್ಗದ ಕತೆಗೆ ಟಿಕೆಟ್ಟಿನ ಪ್ರಸ್ತಾಪವೇ ಇಲ್ಲ.

ರಾಯಚೂರು ಜಿಲ್ಲೆಯದೇ ಆದ ದೇವದುರ್ಗ ತಾಲ್ಲೂಕಿನ ಒಂದಷ್ಟು ಭಾಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆಯ ನೀರಿದೆ. ಅಲ್ಲಿ ಹತ್ತಿ, ಮೆಣಸಿನಕಾಯಿ. ನೀರು ಮುಟ್ಟದ ಹಳ್ಳಿಗಳಿಂದ, ತಾಂಡಾಗಳಿಂದ, ಹಿಂಗಾರಿನ ಕೆಲಸ ಮುಗಿಯುತ್ತಲೇ ಜನ ಗುಳೆ ಹೋಗುತ್ತಾರೆ. ಬೆಂಗಳೂರು, ಪುಣೆ, ಮುಂಬಯಿ, ನಾವಿರುವ ಈ ಹೈದರಾಬಾದ್. ಹೊಸ ಬಡಾವಣೆಗಳ ಗೋಡೆ ಕಟ್ಟಿದವರಲ್ಲಿ ನಮ್ಮವರೂ ಇದ್ದಾರೆ. ಗುಳೆ ಎಂಬ ಪದಕ್ಕೆ ಯಾವ ಪೋರ್ಟಲಿನಲ್ಲೂ ಕಲಮು ಇರಲಿಲ್ಲ. ಅವರು ಹೋದದ್ದೂ ದುಡಿಮೆಗೆ, ಬರುವ ತಾರೀಖೂ ಹೆಚ್ಚುಕಡಿಮೆ ಗೊತ್ತಿದ್ದದ್ದೇ, ನೆಚ್ಚಿಕೊಂಡ ಮೇಸ್ತ್ರಿಯ ಫೋನ್ ನಂಬರೂ ಇತ್ತು. ಇನ್ನೇನು ಬೇಕು ವ್ಯವಹಾರ ಎನ್ನಲು? ಕಾಗದದಲ್ಲಿ ಮಾತ್ರ ಅವರು ವಲಸೆ ಕಾರ್ಮಿಕರು.

ಬೆಂಗಳೂರಿನಿಂದ ನಡೆದೇ ಹೊರಟ ಸಿಂಧನೂರು ಕಡೆಯ ಒಬ್ಬ ಹೆಣ್ಣುಮಗಳು ಆ ಏಪ್ರಿಲ್‌ನಲ್ಲಿ ಬಳ್ಳಾರಿಯವರೆಗೆ ಬಂದು ಅಲ್ಲಿ ತೀರಿಕೊಂಡದ್ದನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. ಆಕೆ ಯಾವ ರಾಜ್ಯದ ಗಡಿಯನ್ನೂ ದಾಟಬೇಕಾಗಿರಲಿಲ್ಲ.

ಮೇ 1ರ ಕೇಂದ್ರದ ಪಟ್ಟಿಯಲ್ಲಿ ರಾಯಚೂರು ಹಸಿರು ವಲಯ. ನಾವು ಇಲ್ಲಿ ಕುಳಿತು ಬೀಗಿದ್ದೂ ಉಂಟು. ಮೇ ನಡುವಿನಲ್ಲಿ ಮಹಾರಾಷ್ಟ್ರದಿಂದ ಗುಳೆಯ ಜನ ಮರಳಿದಂತೆ ಸೋಂಕೂ ಬಂತು, ದಿನದ ಪಟ್ಟಿಯಲ್ಲಿ ದೇವದುರ್ಗದ ಹೆಸರು ಮತ್ತೆ ಮತ್ತೆ ಕಾಣತೊಡಗಿತು. ಆಗ ನಮ್ಮ ವಾಟ್ಸಾಪ್ ಗುಂಪಿನಲ್ಲೇ ಒಬ್ಬರು ಬರೆದರು: ಇವರನ್ನು ಯಾಕೆ ಒಳಗೆ ಬಿಟ್ಟರು? ಬರೆದವರು ಅದರ ಹಿಂದಿನ ವಾರವಷ್ಟೇ ರಾಯಚೂರಿಗೆ ಹೋಗಲು ಪಾಸು ಮಾಡಿಸಿಕೊಡಿ ಎಂದು ನನ್ನನ್ನು ಕಾಡಿದ್ದರು. ಹೆಸರು ಹೇಳುವುದಿಲ್ಲ. ಆ ಪ್ರಶ್ನೆಗೆ ಹೆಬ್ಬೆಟ್ಟೆತ್ತಿದವರಲ್ಲಿ ನಾನೂ ಇದ್ದೆನೋ ಏನೋ ಎಂದು ಹಳೆಯ ಸಂದೇಶಗಳನ್ನು ಹುಡುಕಲು ಹೋಗಿ, ಅರ್ಧಕ್ಕೆ ಬಿಟ್ಟೆ.

ಸಂಘದ ಸಹಾಯವಾಣಿಯ ಲೆಕ್ಕವನ್ನೂ ಇಲ್ಲೇ ಒಪ್ಪಿಸಬೇಕು. ನಾಲ್ಕು ಜನ ಲ್ಯಾಪ್‌ಟಾಪ್ ಮುಂದೆ ಕುಳಿತು ತಡರಾತ್ರಿಯವರೆಗೆ ಪಾಸಿನ ಅರ್ಜಿ ತುಂಬಿದ್ದು ನಿಜ, ಹಲವರು ಹೆತ್ತವರ ಅಂತ್ಯಕ್ರಿಯೆಗೆ ಹೋಗಿ ಮುಟ್ಟಿದ್ದೂ ನಿಜ. ಆದರೆ ಅರ್ಜಿ ತುಂಬಿಸಿಕೊಂಡವರೆಲ್ಲ ನಮ್ಮ ಪಟ್ಟಿಯಲ್ಲಿದ್ದವರು: ಅಂಗಡಿಯವರು, ಕಂಪನಿಯವರು, ಬ್ಯಾಂಕಿನವರು. ಗಾರೆ ಕೆಲಸದವರ ಕರೆ ಒಂದೂ ಬರಲಿಲ್ಲ. ಬರುವುದಾದರೂ ಹೇಗೆ? ನಮ್ಮ ಸದಸ್ಯತ್ವದ ಅರ್ಜಿಯೂ ಕಾಯಂ ವಿಳಾಸ ಕೇಳುತ್ತದೆ, ಇಬ್ಬರು ಸದಸ್ಯರ ಶಿಫಾರಸು ಕೇಳುತ್ತದೆ. ಸೇವಾ ಸಿಂಧುವನ್ನು ಬೈಯುವಾಗ ಇದು ನೆನಪಿಗೆ ಬಂದು ನನ್ನ ದನಿ ತುಸು ತಗ್ಗುತ್ತದೆ.

ಆಗಸ್ಟ್ 22ರಂದು ಕೇಂದ್ರ ಗೃಹ ಕಾರ್ಯದರ್ಶಿ ರಾಜ್ಯಗಳಿಗೆ ಮತ್ತೆ ಪತ್ರ ಬರೆದರು. ಎರಡೇ ದಿನಕ್ಕೆ ಕರ್ನಾಟಕ ಎಲ್ಲವನ್ನೂ ತೆಗೆಯಿತು, ನೋಂದಣಿ, ಗಡಿ ತಪಾಸಣೆ, ಕೈಮುದ್ರೆ, ಹದಿನಾಲ್ಕು ದಿನ. ಮುಗಿಯಿತು ಎಂದುಕೊಂಡೆವು. 2021ರ ಫೆಬ್ರವರಿಯಲ್ಲಿ ಮಹಾರಾಷ್ಟ್ರ, ಕೇರಳದಿಂದ ಬರುವವರಿಗೆ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ವರದಿ ಕಡ್ಡಾಯವಾಯಿತು. ಜುಲೈ ಕೊನೆಯ ಆದೇಶದಲ್ಲಿ ಲಸಿಕೆ ಹಾಕಿಸಿಕೊಂಡಿದ್ದರೂ ವರದಿ ಬೇಕೆಂದರು. ಇದರ ಬಿಸಿ ನಮಗಿಂತ ಕಾಸರಗೋಡಿನ ಕನ್ನಡಿಗರಿಗೆ ಹೆಚ್ಚು ತಟ್ಟಿತು. ಮಂಗಳೂರಿನ ಕೆಲಸಕ್ಕೂ ಕಾಲೇಜಿಗೂ ಆಸ್ಪತ್ರೆಗೂ ನಿತ್ಯ ತಲಪಾಡಿ ದಾಟುವವರು ಅವರು. 2020ರಲ್ಲಿ ಅಲ್ಲಿನ ದಾರಿ ಮುಚ್ಚಿದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಇತ್ತ 2021ರ ಮೇ ತಿಂಗಳಲ್ಲಿ ತೆಲಂಗಾಣ ತನ್ನ ಗಡಿಯಲ್ಲಿ ಆಂಧ್ರದಿಂದ ಬರುವ ಆಂಬುಲೆನ್ಸುಗಳನ್ನೇ ತಡೆಯಿತು, ಹೈಕೋರ್ಟು ಮಧ್ಯೆ ಬರಬೇಕಾಯಿತು. ಆ ವಾರ ರಾಯಚೂರಿನಿಂದ ನಮಗೆ ಬಂದ ಕರೆಗಳಲ್ಲಿ ವ್ಯಾಪಾರದ ಮಾತು ಒಂದೂ ಇರಲಿಲ್ಲ. ಹಾಸಿಗೆ ಸಿಗುತ್ತದೆಯೇ, ಬಂದರೆ ಒಳಗೆ ಬಿಡುತ್ತಾರೆಯೇ, ಇವೆರಡೇ.

ಕೈಯ ಫೋಟೊ ಈ ಸಂಚಿಕೆಯಲ್ಲಿದೆ. ಅದರ ಜೊತೆಗೆ ಇನ್ನೊಂದು ಬೇಕೆನಿಸಿ, ದೇವದುರ್ಗ ಕಡೆಯ ಒಬ್ಬರನ್ನು ಹುಡುಕಿದೆ. ಆಗ ಪುಣೆಯಲ್ಲಿ ಸೆಂಟ್ರಿಂಗ್ ಕೆಲಸ, ಈಗ ಇದೇ ಹೈದರಾಬಾದಿನ ಹೊರವಲಯದ ಒಂದು ಕಟ್ಟಡದಲ್ಲಿ. ನಿಮ್ಮ ಕೈಗೂ ಮುದ್ರೆ ಹಾಕಿದ್ದರೇ, ಫೋಟೊ ಇದೆಯೇ ಎಂದೆ. ನಕ್ಕರು. ಫೋನಿನ ಚಾರ್ಜು ಪುಣೆ ಬಿಡುವ ಮೊದಲೇ ಮುಗಿದಿತ್ತಂತೆ. ಹದಿನಾಲ್ಕು ದಿನ ಎಲ್ಲಿಟ್ಟಿದ್ದರು ಎಂದು ಕೇಳಿದೆ.

"ನಮ್ಮೂರ ಸಾಲಿಯಾಗ್ರಿ. ನಾಕನೆತ್ತಾ ಬಿಟ್ಟಿದ್ದೆ. ನಲವತ್ತಕ್ಕ ಮತ್ತ ಅದ ಖೋಲ್ಯಾಗ ಕುಂದ್ರಿಸಿದ್ರು."

ಆ ಖೋಲಿಯ ಫೋಟೊ ಸಿಕ್ಕೀತೇ, ನಮ್ಮ ಪುಸ್ತಕಕ್ಕೆ ಬೇಕಿತ್ತು ಎಂದೆ. ಬಾಗಿಲ ಬಣ್ಣ ಹೋಗಿದೆ, ಅದನ್ನೇಕೆ ಹಾಕುತ್ತೀರಿ ಎಂದು ಎರಡು ಸಲ ಕೇಳಿದರು. ಆಮೇಲೆ, ಯುಗಾದಿಗೆ ಊರಿಗೆ ಹೋದಾಗ ತೆಗೆದುಕೊಂಡು ಬರುತ್ತೇನೆ ಎಂದಿದ್ದಾರೆ.