ಮಗಳಿಗೊಂದು ರೈಫಲ್

"ಅಪ್ಪ, ಈ ಸಲ ನಂಗೂ ಒಂದು ರೈಫಲ್ ಕೊಡ್ಸು" ಅಂತ ಕಾಲೇಜಿನಿಂದ ಮಗಳು ಫೋನ್ ಮಾಡಿದಾಗ ನನ್ನವಳು ಹೌಹಾರಿದಳು. "ಹೊಸ ಲ್ಯಾಪ್‌ಟಾಪ್ ಕೇಳ್ತಾಳೆ ಅಂದ್ಕೊಂಡ್ರೆ ಕೋವಿ ಕೇಳ್ತಾಳಲ್ರೀ!"

ನಾವಿರುವ ವಿಸ್ಕಾನ್ಸಿನ್‌ನಲ್ಲಿ ಇದೇನೂ ವಿಚಿತ್ರದ ಮಾತಲ್ಲ. ಭಾರತದಲ್ಲಿ 1972ರ ಕಾಯ್ದೆ ಬಂದ ಮೇಲೆ ಶಿಕಾರಿ ಅನ್ನೋದು ಅಜ್ಜನ ಕಾಲದ ಕಥೆಯಾಯಿತು. ಇಲ್ಲಿ ಜಿಂಕೆಗಳ ಸಂಖ್ಯೆ ಹತೋಟಿಯಲ್ಲಿರಲಿ ಅಂತ ಸರ್ಕಾರವೇ ಪರವಾನಗಿ ಕೊಡುತ್ತದೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರುವಾಗಿ ಒಂಬತ್ತು ದಿನ ರೈಫಲ್ ಬೇಟೆಯ ಕಾಲ. ಮಗಳು ಸುರಕ್ಷತಾ ತರಬೇತಿ ಮುಗಿಸಿ, ಎರಡು ವರ್ಷ ನನ್ನ ಜೊತೆ ಬರಿಗೈಲಿ ಕೂತು ನೋಡಿದ್ದಾಳೆ.

ಕೊಡಿಸೋದು ಸರಿ, ಆದರೆ ಎಂಥದ್ದು? ಈ ಪ್ರಶ್ನೆ ನನಗೆ ಸಣ್ಣದಲ್ಲ. ಇಲ್ಲಿಗೆ ಬಂದ ಹೊಸದರಲ್ಲಿ ಸ್ನೇಹಿತರೊಬ್ಬರ ರೈಫಲ್ ಎರವಲು ತಗೊಂಡು ಹೋಗಿದ್ದೆ. ಅದರ ದುರ್ಬೀನಿನ ಸ್ಕ್ರೂ ಸಡಿಲವಾಗಿದ್ದದ್ದನ್ನು ನಾನು ನೋಡಿಕೊಳ್ಳಲಿಲ್ಲ. ಎದೆಗೆ ಇಟ್ಟ ಗುರಿ ಹೊಟ್ಟೆಗೆ ಬಿತ್ತು. ಹಿಮದ ಮೇಲಿನ ರಕ್ತದ ಹನಿ ಹಿಡಿದು ಕತ್ತಲಾಗುವವರೆಗೂ ಹುಡುಕಿದೆವು. ಜಿಂಕೆ ಸಿಗಲಿಲ್ಲ. ಅದು ಎಲ್ಲೋ ಇಡೀ ರಾತ್ರಿ ನರಳಿರುತ್ತದೆ ಅನ್ನೋದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ರೈಫಲ್‌ನ ಗುರಿ ನಿಖರವಾಗಿರಬೇಕು ಅನ್ನೋದು ಪದಕ ಗೆಲ್ಲೋದಕ್ಕಲ್ಲ, ಇದಕ್ಕೆ.

ಅಂಗಡಿಯಾತ ಮೊದಲು ತೋರಿಸಿದ್ದು .300 ವಿಂಚೆಸ್ಟರ್ ಮ್ಯಾಗ್ನಮ್. "ಇದಕ್ಕೆ ಎಷ್ಟು ದೂರವೂ ಲೆಕ್ಕವಿಲ್ಲ" ಅಂದ. ನಾವು ಕೂರುವ ಕಾಡಿನಲ್ಲಿ 150 ಗಜ ದಾಟಿದರೆ ಮರ ಬಿಟ್ಟು ಬೇರೇನೂ ಕಾಣೋದಿಲ್ಲ! ಆ ಕೋವಿ ಭುಜಕ್ಕೆ ಒದೆಯುವ ಜೋರಿಗೆ ಹೊಸಬರು ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚಿ ಬೆಚ್ಚುತ್ತಾರೆ. ಹಾಗೆ ಬೆಚ್ಚಿದ ಮೇಲೆ ಎಂಥಾ ರೈಫಲ್ ಇದ್ದರೇನು? 7ಎಂಎಂ-08 ಸಾಕು ಅಂದೆ. ಒದೆತ ಕಡಿಮೆ, ಜಿಂಕೆಗೆ ಧಾರಾಳ.

ಇನ್ನು ಕಂಪನಿ. ಫಿನ್‌ಲ್ಯಾಂಡಿನ ಟಿಕ್ಕಾ, ವೆದರ್‌ಬಿಯವರ ವ್ಯಾನ್‌ಗಾರ್ಡ್ ಇವೆಲ್ಲ ಖಾತ್ರಿ ಕೊಟ್ಟೇ ಮಾರುತ್ತವೆ: ಒಳ್ಳೆಯ ತೋಟಾ ಹಾಕಿ ನೂರು ಗಜಕ್ಕೆ ಮೂರು ಗುಂಡು ಹೊಡೆದರೆ ಮೂರೂ ತೂತು ಸುಮಾರು ಒಂದು ಇಂಚಿನೊಳಗೆ. ಹಿಂದೆ ಇಂಥ ನಿಖರತೆ ಬೇಕಿದ್ದರೆ ಕುಶಲಕರ್ಮಿಯ ಹತ್ತಿರ ರಿಪೇರಿ ಮಾಡಿಸಬೇಕಿತ್ತು. ಈಗ ಕಂಪ್ಯೂಟರ್ ನಡೆಸುವ ಯಂತ್ರಗಳ ದೆಸೆಯಿಂದ ಸ್ಯಾವೇಜ್, ರೂಗರ್ ಅಮೆರಿಕನ್‌ನಂಥ ಕಡಿಮೆ ಬೆಲೆಯವೂ ಅದರ ಹತ್ತಿರಕ್ಕೆ ಬಂದಿವೆ. ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗ ಸುಮಾರು ಎಂಟು ಇಂಚು ಅಗಲ. ರೈಫಲ್ ಒಂದು ಇಂಚಿನದೋ ಒಂದೂವರೆಯದೋ ಅನ್ನೋದಕ್ಕಿಂತ ಹಿಡಿದವರ ಕೈ ನಡುಗುತ್ತದೋ ಇಲ್ಲವೋ ಅನ್ನೋದೇ ದೊಡ್ಡದು.

ಹಾಗಾಗಿ ನಾವು ನೋಡಿದ್ದು ಬೇರೆ ಮೂರು ವಿಷಯ. ಒಂದು, ಅಳತೆ. ನಮ್ಮ ಹುಡುಗಿ ಐದಡಿ ಎರಡು ಇಂಚು. ಸಾಮಾನ್ಯ ರೈಫಲ್ ಎತ್ತಿದರೆ ಕುತ್ತಿಗೆ ಚಾಚಿ ದುರ್ಬೀನು ಹುಡುಕಬೇಕಿತ್ತು. ಗಿಡ್ಡ ಹಿಡಿಯದ್ದನ್ನು ಕೊಟ್ಟಾಗ ಕಣ್ಣು ಮುಚ್ಚಿ ಭುಜಕ್ಕಿಟ್ಟು ಕಣ್ಣು ಬಿಟ್ಟಳು, ನೋಟ ನೇರ ದುರ್ಬೀನಿನ ನಡುವೆ! ಎರಡು, ಟ್ರಿಗರ್. ಅದು ಜಗ್ಗಾಡದೆ, ಎಳೆಯಲಾರದಷ್ಟು ಬಿಗಿಯೂ ಇಲ್ಲದೆ, ಗಾಜಿನ ಕಡ್ಡಿ ಮುರಿದ ಹಾಗೆ ಬಿಡಬೇಕು. ಮೂರು, ನಳಿಗೆ. ನಳಿಗೆಗೂ ಹಿಡಿಗೂ ನಡುವೆ ಒಂದು ಡಾಲರ್ ನೋಟು ಸಲೀಸಾಗಿ ಜಾರಬೇಕು. ಹಿಡಿ ನಳಿಗೆಗೆ ತಗುಲಿದರೆ ಗುಂಡು ಬೀಳುವ ಜಾಗ ಬದಲಾಗುತ್ತದೆ. ಅಗ್ಗದ ಪ್ಲಾಸ್ಟಿಕ್ ಹಿಡಿಗಳು ಕೈ ಒತ್ತಿದರೂ ಬಾಗುತ್ತವೆ, ಅದಕ್ಕೇ ಒತ್ತಿ ನೋಡಿದೆವು.

ಕೊನೆಗೆ ತಂದದ್ದು ರೂಗರ್ ಅಮೆರಿಕನ್‌ನ ಗಿಡ್ಡ ಮಾದರಿ. ಟಿಕ್ಕಾಗೆ ಹೋಲಿಸಿದರೆ ಉಳಿದ ದುಡ್ಡಲ್ಲಿ ಒಂದು ಒಳ್ಳೆಯ ದುರ್ಬೀನು, ಅದನ್ನು ಕೂರಿಸುವ ಗಟ್ಟಿ ಉಂಗುರ, ನಾಲ್ಕು ಕಂಪನಿಯ ತೋಟಾ. ಪ್ರತಿ ನಳಿಗೆಗೂ ಅದರದೇ ನಾಲಿಗೆ ರುಚಿ ಇರುತ್ತದೆ. ನಮ್ಮದಕ್ಕೆ ಅತಿ ದುಬಾರಿ ತೋಟಾ ಒಗ್ಗಲೇ ಇಲ್ಲ, ಎರಡನೇ ಅಗ್ಗದ್ದು ಒಗ್ಗಿತು.

ಆಮೇಲೆ ಮಗಳಿಗೆ ಒಂದು ಕೆಲಸ ಹೇಳಿದೆ. ಊರಿಗೆ ಬಂದ ಪ್ರತಿ ವಾರಾಂತ್ಯ ರೇಂಜಿಗೆ ಹೋದ ತಕ್ಷಣ, ತಣ್ಣಗಿರುವ ನಳಿಗೆಯಿಂದ ಒಂದೇ ಗುಂಡು, ಮಂಡಿಯೂರಿ ಕೂತು, ಅದೇ ಕಾಗದಕ್ಕೆ. ಕಾಡಿನಲ್ಲಿ ಸಿಗೋದು ಆ ಮೊದಲ ಗುಂಡೇ ತಾನೆ? ಕಂಪನಿಯವರು ಹೇಳುವ ಒಂದು ಇಂಚು ರೈಫಲ್‌ನದು. ಈ ಕಾಗದದ ಮೇಲಿನದು ನಮ್ಮದು.

ಎಂಟು ವಾರದ ಎಂಟು ತೂತಿನ ಕಾಗದ ಈಗ ನಮ್ಮನೆ ಫ್ರಿಜ್ಜಿನ ಮೇಲಿದೆ. ನೂರು ಗಜಕ್ಕೆ ಐದು ಇಂಚಿನೊಳಗೆ ಎಲ್ಲವೂ ಇವೆ. ರೈಫಲ್ ಬೀಗ ಹಾಕಿದ ಕಪಾಟಿನಲ್ಲಿ, ತೋಟಾ ಬೇರೆ ಕಡೆ. ಮೊನ್ನೆ ನನ್ನವಳು ಕಾಗದ ನೋಡುತ್ತಾ, "ದೂರದಲ್ಲಿ ದೊಡ್ಡ ಜಿಂಕೆ ಬಂದ್ರೆ ಏನ್ಮಾಡ್ತೀಯೇ?" ಅಂತ ಕೇಳಿದಳು.

"ನೂರಿಪ್ಪತ್ತು ಗಜ ದಾಟಿದ್ರೆ ನೋಡ್ತಾ ಕೂರ್ತೀನಮ್ಮ, ಅಷ್ಟೇ" ಅಂದಳು ಮಗಳು.

ನಾನು ಅವಳ ವಯಸ್ಸಲ್ಲಿ ಅಲ್ಲ, ನಲವತ್ತರಲ್ಲೂ ಕಲಿಯದಿದ್ದ ಮಾತು ಅದು.